ಆಲ್ಟೊ ಸ್ಯಾಕ್ಸಲ್ಲಿ ಜಾಜ್: 12 ಸ್ಕೇಲ್ ಮೊದಲೋ, ಟ್ರಾನ್ಸ್‌ಪೋಸ್ ಮೊದಲೋ?

12 ಸ್ಕೇಲ್ (12 ಸ್ವರಗಳಲ್ಲಿ ಒಂದೊಂದನ್ನೂ ಸ ಮಾಡಿಕೊಂಡ ಸ್ವರಸಾಲು) ಮುಗಿಸಿ ಟ್ರಾನ್ಸ್‌ಪೋಸ್ (ಅದೇ ಸಂಗೀತವನ್ನು ಬೇರೆ ಸ್ವರದಿಂದ ನುಡಿಸುವುದು) ಕಲಿಯಲಾ, ಇಲ್ಲ ಅದಕ್ಕೆ ಆ್ಯಪ್ ಸಾಕಾ ಅಂತ ಕೇಳಿದ್ದೀರಿ. ಅಯ್ಯೋ, ಇದು ನನ್ನದೇ ಕಥೆ.

ನಾನು ಮಂಗಳೂರು ಕಡೆಯವನು. ನಮ್ಮಲ್ಲಿ ಮದುವೆಗೂ ಜಾತ್ರೆಗೂ ಸ್ಯಾಕ್ಸೊಫೋನ್ ಬೇಕೇ ಬೇಕು. ಕದ್ರಿ ಗೋಪಾಲನಾಥರನ್ನು ಕೇಳಿ ಬೆಳೆದು, ಆಲ್ಟೊದಲ್ಲೇ ಕರ್ನಾಟಕ ಸಂಗೀತ ಕಲಿತೆ. ಎಂಟು ವರ್ಷ ನನ್ನ ಸ ಒಂದೇ ಜಾಗದಲ್ಲಿತ್ತು. ಆಮೇಲೆ ಜಾಜ್ ಹುಚ್ಚು ಹಿಡಿಯಿತು. 12 ಸ್ಕೇಲನ್ನೂ ಮಗ್ಗಿ ಥರ ಉರು ಹೊಡೆದೆ.

ಬೆಂಗಳೂರಿನಲ್ಲಿ ಮೊದಲ ಜ್ಯಾಮ್, ಅಂದರೆ ಎಲ್ಲರೂ ಸೇರಿ ಹೊಳೆದಂತೆ ನುಡಿಸುವ ಕೂಟ. ಪಿಯಾನೊದವನು 'ಬಿ ಫ್ಲಾಟ್ ಬ್ಲೂಸ್' ಅಂದ, ಅಂದರೆ ಬಿ ಫ್ಲಾಟನ್ನು ಸ ಮಾಡಿ ಬ್ಲೂಸ್ ನುಡಿಸೋಣ ಅಂತ. ಆಲ್ಟೊ ಇ ಫ್ಲಾಟ್ ವಾದ್ಯ ಅಲ್ವಾ, ನಾವು ಸಿ ಹಿಡಿದರೆ ಪಿಯಾನೊದ ಇ ಫ್ಲಾಟ್ ಕೇಳಿಸುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ, ಹಿಡಿದದ್ದು ಬಿಳಿ ಒಂದು, ಬಂದದ್ದು ಕಪ್ಪು ಎರಡು. ಹಾಗಾಗಿ ಅವರು ಹೇಳಿದ ಸ್ವರದಿಂದ, ಕಪ್ಪು ಬಿಳಿ ಎಲ್ಲ ಸೇರಿಸಿ, ಮೂರು ಮನೆ ಕೆಳಗಿಳಿಯಬೇಕು: ಎ, ಎ ಫ್ಲಾಟ್, ಜಿ. ನಾನು ಮೂರು ಮನೆ ಮೇಲೆ ಹತ್ತಿದೆ: ಬಿ, ಸಿ, ಡಿ ಫ್ಲಾಟ್. ಗಾಬರಿಯಲ್ಲಿ ಮೂರು ನೆನಪಿತ್ತು, ದಿಕ್ಕು ಮರೆತಿತ್ತು. ಒಂದು ಮನೆ ತಪ್ಪಿದ್ದರೆ ಜಾರಿಸಿ ಸರಿ ಮಾಡಬಹುದಿತ್ತು. ಇಲ್ಲಿ ಕೆಳಗಿನ ಮೂರು, ಮೇಲಿನ ಮೂರು ಸೇರಿ ಆರು ಮನೆ ತಪ್ಪು. 12ರಲ್ಲಿ ಅದಕ್ಕಿಂತ ದೂರ ಹೋಗಲು ಜಾಗವೇ ಇಲ್ಲ! ಅವರ ಪ್ರತಿಮಧ್ಯಮವನ್ನು (ಸದಿಂದ ಆರು ಮನೆ ಮೇಲಿನ ಮ) ನಾನು ಸ ಮಾಡಿಕೊಂಡಿದ್ದೆ. ಬೇಸ್ ನುಡಿಸುತ್ತಿದ್ದವನು 'ಜಿ, ಜಿ' ಅಂದ. ಹಿಂದಿಯಲ್ಲಿ ಮರ್ಯಾದೆ ಕೊಡುತ್ತಿದ್ದಾನೆ ಅಂದುಕೊಂಡು ತಲೆಯಾಡಿಸಿ ಮುಂದುವರಿಸಿದೆ. ನಾಚಿಕೆಯ ವಿಷಯ ಏನು ಗೊತ್ತಾ, ಡಿ ಫ್ಲಾಟ್ ಸ್ಕೇಲ್ ಮಾತ್ರ ಒಂದೂ ತಪ್ಪಿಲ್ಲದೆ ಬಂತು. ಬೆರಳಿಗೆ ಎಲ್ಲ ಗೊತ್ತಿತ್ತು. ಕಿವಿ ಮನೆಯಲ್ಲೇ ಉಳಿದಿತ್ತು.

ಹಾಗಾಗಿ ಯಾವುದು ಮೊದಲು ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಆ್ಯಪ್ ಅಂತೂ ಬೇಡವೇ ಬೇಡ. ನೀವು ಜೇಬಿಗೆ ಕೈ ಹಾಕುವಷ್ಟರಲ್ಲಿ ನಾಲ್ಕು ಬಾರ್ (ತಾಳದ ಸುತ್ತು) ಹೋಗಿರುತ್ತದೆ.

ಹಾಡಲು ಬರುವ ಒಂದು ಪುಟ್ಟ ತುಣುಕು ತಗೊಳ್ಳಿ, ಸ ಗ ಪ ದ ಆದರೂ ಸಾಕು. ಮೊದಲು ಬಾಯಲ್ಲಿ ಹಾಡಿ, ಆಮೇಲೆ ಜಿಯಲ್ಲಿ ನುಡಿಸಿ. ನಂತರ ಸಿ, ಎಫ್, ಹೀಗೆ ಪ್ರತಿ ಸಲ ಹಳೆಯ ಮ ಹೊಸ ಸ ಆಗುತ್ತಾ 12 ಕೀ ಸುತ್ತಿ ಜಿಗೆ ವಾಪಸ್ ಬನ್ನಿ. ಸ್ಕೇಲೂ ಟ್ರಾನ್ಸ್‌ಪೋಸೂ ಅದರಲ್ಲೇ ಬಂದುಬಿಡುತ್ತವೆ. ಜಾಜ್‌ನವರಿಗೆ ಬಿ ಫ್ಲಾಟ್, ಎಫ್, ಇ ಫ್ಲಾಟ್ ಜಾಸ್ತಿ ಇಷ್ಟ. ಆಲ್ಟೊದಲ್ಲಿ ಅವು ಜಿ, ಡಿ, ಸಿ. ಆ ಮೂರನ್ನು ಗಟ್ಟಿ ಮಾಡಿ, ಎಫ್ ಶಾರ್ಪ್ ಬಗ್ಗೆ ಸುಮ್ನೆ ಈಗಲೇ ನಿದ್ದೆ ಕೆಡಿಸಿಕೊಳ್ಳಬೇಡಿ.

ರಾಗ ಗೊತ್ತಿದ್ದರೆ ಇನ್ನೂ ಸುಲಭ. ಎ ಮೈನರ್, ಡಿ ಸೆವೆಂತ್, ಜಿ ಅಂತ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಂದರೆ ಕ್ರಮವಾಗಿ ಖರಹರಪ್ರಿಯ, ಹರಿಕಾಂಭೋಜಿ, ಶಂಕರಾಭರಣ. ಅದೇ ಏಳು ಸ್ವರ, ಸ ಮಾತ್ರ ಜಾಗ ಬದಲಿಸುತ್ತದೆ. ನಮ್ಮ ಗ್ರಹಭೇದವೇ. ಮೂರು ಸ್ಕೇಲ್ ಅಂತ ಬೇರೆ ಬೇರೆ ಉರು ಹೊಡೆದು ನಾನು ಆರು ತಿಂಗಳು ಹಾಳು ಮಾಡಿಕೊಂಡೆ.

ಈಗ ಯಾರಾದರೂ ಬಿ ಫ್ಲಾಟ್ ಅಂದರೆ ಎಡಗೈಯ ಮೂರು ಬೆರಳು ತಾವಾಗಿಯೇ ಜಿ ಒತ್ತುತ್ತವೆ. ಆಲ್ಟೊಗಿಂತ ದೊಡ್ಡದಾದ ಟೆನರ್ ಸ್ಯಾಕ್ಸ್‌ನಲ್ಲಾದರೆ ಲೆಕ್ಕ ಎರಡು ಮನೆ, ಅದೂ ಮೇಲಕ್ಕೆ. ಅದಕ್ಕೇ ನಾನು ಟೆನರ್ ಮುಟ್ಟಿಲ್ಲ.