ಉತ್ತರ: ಪೋರ್ಚುಗಲ್‌ನ ಅಲ್ಬುಫೇರಾದಲ್ಲಿ ಡಾಲ್ಫಿನ್, ಬೆನಗಿಲ್ ಸಮುದ್ರಗುಹೆ – ಯಾವ ಬೋಟು?

ಅತ್ತೆಗೆ ಬೆನ್ನುನೋವು, ಜೊತೆಗೆ ಆರು ವರ್ಷದ ಮಗ. ರಬ್ಬರ್ ಸ್ಪೀಡ್ ಬೋಟೋ ಕ್ಯಾಟಮರಾನೋ (ಎರಡು ಒಡಲಿನ ದೊಡ್ಡ ಬೋಟು) ಅಂತ ಕೇಳಿದ್ದೀರಿ. ಬೆನ್ನುನೋವಿದ್ದವರನ್ನ ರಬ್ಬರ್ ಬೋಟಿಗೆ ಹತ್ತಿಸಲೇಬೇಡಿ. ಡಾಲ್ಫಿನ್ ಹುಡುಕೋಕೆ ಅದು ದಡದಿಂದ ಸುಮಾರು ದೂರ ಜೋರಾಗಿ ಓಡುತ್ತೆ. ಒಂದೊಂದು ಅಲೆಗೂ ಮೂತಿ ಎದ್ದು ದಬ್ ಅಂತ ಬೀಳುತ್ತೆ, ಏಟು ನೇರ ಸೊಂಟಕ್ಕೆ. ಹಿಂದಿನ ಸೀಟಲ್ಲಿ ಸ್ವಲ್ಪ ಕಮ್ಮಿ, ಅಷ್ಟೆ.

ಕ್ಯಾಟಮರಾನ್ ಅಷ್ಟು ಕುಲುಕಲ್ಲ, ಆದರೆ ಗುಹೆಯೊಳಗೆ ತೂರಲ್ಲ, ಹೊರಗಿಂದಲೇ ಇಣುಕಬೇಕು. ಅದಕ್ಕೇ ಎರಡನ್ನೂ ಬೇರೆ ಮಾಡಿ: ಡಾಲ್ಫಿನ್‌ಗೆ ಕ್ಯಾಟಮರಾನ್, ಗುಹೆಗೆ ದಡದ ಪಕ್ಕದಲ್ಲೇ ಹೋಗೋ ಸಣ್ಣ ಬೋಟು. ಬೀಚಿಂದ ಹತ್ತೋದಾದರೆ ನೀರಿಗಿಳಿಯಬೇಕು. ಅತ್ತೆಗೆ ಅಲ್ಲೇ ಹತ್ತಿರದ ಪೊರ್ಟಿಮಾವೋ ಊರಿನ ಜೆಟ್ಟಿಯೇ ಸಲೀಸು. ಗುಹೆಯೊಳಗಿನ ಮರಳಿನ ಮೇಲೆ ಇಳಿಯೋದನ್ನ 2024ರಿಂದ ನಿಷೇಧಿಸಿದ್ದಾರೆ, ಈಜಿ ಹೋಗೋ ಹಾಗೂ ಇಲ್ಲ. ಹಳೇ ರೀಲ್ಸ್ ನಂಬಬೇಡಿ.

ಬೆಳಗಿನ ಮೊದಲ ಟ್ರಿಪ್ಪೇ ಹಿಡಿಯಿರಿ. ಬೇಸಿಗೆ ಮಧ್ಯಾಹ್ನ ಗಾಳಿ ಎದ್ದರೆ ನೀರೆಲ್ಲ ಬಿಳಿ ನೊರೆ, ಡಾಲ್ಫಿನ್ ಬೆನ್ನು ಅದರಲ್ಲಿ ಕಾಣಲ್ಲ. ಆಗ್ನೇಯ ಗಾಳಿ ಬೀಸೋ ದಿನ ಅಲೆ ನೇರ ಗುಹೆಗೇ ನುಗ್ಗುತ್ತೆ, ಒಳಗೆ ಬಿಡಲ್ಲ. ಬುಕ್ ಮಾಡುವಾಗ ಡಾಲ್ಫಿನ್ ಕಾಣದಿದ್ದರೆ, ಟ್ರಿಪ್ ರದ್ದಾದರೆ ಏನು ಅಂತ ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಡಾಲ್ಫಿನ್ ಕಂಡ ಮೇಲೂ 30 ಮೀಟರಿಗಿಂತ ಹತ್ತಿರ ಹೋಗೋ ಹಾಗಿಲ್ಲ, ಅದು ಅಲ್ಲಿನ ಕಾನೂನು. ಅವೇ ಬೋಟಿನ ಮೂತಿಗೆ ಬಂದು ಆಡಿದರೆ ನಿಮ್ಮ ಅದೃಷ್ಟ. ಸಮುದ್ರಹಕ್ಕಿಗಳು ಒಂದೇ ಕಡೆ ಧುಮುಕ್ತಿದ್ದರೆ ಅತ್ತ ನೋಡಿ, ಕೆಳಗೆ ಮೀನಿನ ಹಿಂಡಿರುತ್ತೆ, ಡಾಲ್ಫಿನ್ನೂ ಇರಬಹುದು. ವಾಂತಿ ಮಾತ್ರೆ ಹೊರಡೋ ಗಂಟೆ ಮುಂಚೆ. ಮಗನಿಗೆ ಡಾಕ್ಟರನ್ನ ಕೇಳಿಯೇ ಕೊಡಿ. ಜುಲೈ ಆದರೂ ಬೆಚ್ಚನೆ ಜಾಕೆಟ್ ಇರಲಿ.