ಮಣ್ಣಿನೊಳಗಿನ ಮನೆಗೆ ಮಗಳನ್ನು ಹೇಗೆ ಕಳಿಸಲಿ?

ಆಸ್ಟ್ರೇಲಿಯಾದ ಕೂಬರ್ ಪೀಡಿ ಎಂಬ ಊರಲ್ಲಿ, ಓಪಲ್ ಎಂಬ ಬಣ್ಣ ಆಡುವ ರತ್ನದ ಕಲ್ಲು ಅಗೆಯುವ ಗಣಿ ಊರಲ್ಲಿ, ಎಂಟು ವರ್ಷ ನರ್ಸ್ ಆಗಿದ್ದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಈ ಸಲದ ಪತ್ರಗಳೆಲ್ಲ ಆ ಊರಿನ ಬಗ್ಗೆಯೇ.

ಪ್ರಶ್ನೆ: ನನ್ನ ಮಗಳಿಗೆ ಅದೇ ಊರಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಜನ ನೆಲದೊಳಗೆ ಇರುತ್ತಾರಂತೆ. ಒಬ್ಬಳೇ ಹೇಗಿರುತ್ತಾಳೆ? ರಾತ್ರಿ ನಿದ್ದೆ ಬರುತ್ತಿಲ್ಲ.
— ಒಬ್ಬ ತಾಯಿ, ನಾಪೋಕ್ಲು

ಉತ್ತರ: ಅಮ್ಮಾ, ನಾನು ಹೊರಟಾಗ ನನ್ನ ಅವ್ವನೂ ಇದನ್ನೇ ಕೇಳಿದ್ದರು.

ಅದು ಬಾವಿಯಂಥ ಗುಂಡಿಯಲ್ಲ. ಗುಡ್ಡದ ಬದಿಗೆ ಅಡ್ಡಕ್ಕೆ ಕೊರೆದ ಮನೆ. ಎದುರಿಗೆ ನಮ್ಮಲ್ಲಿಯ ಹಾಗೆಯೇ ಬಾಗಿಲು. ಗೋಡೆ ಎಂದರೆ ತಿಳಿ ಗುಲಾಬಿ ಬಣ್ಣದ ಮರಳುಗಲ್ಲು, ಯಂತ್ರ ಕೊರೆದ ಗೀರು ಹಾಗೇ ಕಾಣುತ್ತದೆ. ಗಾಳಿಗೆ ಚಾವಣಿಯಿಂದ ಮೇಲಕ್ಕೆ ಕೊಳವೆ. ಅಲ್ಲಿ ಜನವರಿ ಸುಡುವ ಬೇಸಿಗೆ. ಹೊರಗೆ 45 ಡಿಗ್ರಿ ಇದ್ದರೂ ಒಳಗೆ ಸುಮಾರು 24 ಡಿಗ್ರಿ. ಜನ ಒಳಗಿರುವುದು ಅದಕ್ಕೇ.

ಆದರೆ ದೀಪ ಆರಿಸಿದರೆ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗದಷ್ಟು ಕತ್ತಲೆ. ಜೀರುಂಡೆ ಸದ್ದಿಲ್ಲ, ಮಾಡಿನ ಮೇಲೆ ಮಳೆಯಿಲ್ಲ. ಮೊದಲ ವಾರ ನಾನು ತುಂಬಾ ಅತ್ತಿದ್ದೇನೆ. ಹಾಸಿಗೆ ಪಕ್ಕ ಒಂದು ಸಣ್ಣ ದೀಪ ಇಟ್ಟುಕೊಳ್ಳಲು ಮಗಳಿಗೆ ಹೇಳಿ.

ಊರಲ್ಲಿ ಇರುವುದು ಸುಮಾರು ಒಂದೂವರೆ ಸಾವಿರ ಜನ. ಗ್ರೀಸ್, ಸರ್ಬಿಯಾ, ಕ್ರೊಯೇಷಿಯಾ, ಇಟಲಿಯಿಂದ ಬಂದವರು, ಜೊತೆಗೆ ಆ ನೆಲದ ಮೂಲನಿವಾಸಿಗಳು. ಅಡಿಲೇಡ್ ನಗರ ಸುಮಾರು 850 ಕಿ.ಮೀ. ದೂರ. ಮಡಿಕೇರಿ–ಮೈಸೂರು ದಾರಿಯ ಏಳು ಪಟ್ಟು. ಕಾಯಿಲೆ ಜಾಸ್ತಿಯಾದವರನ್ನು ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್‌ನ ವಿಮಾನ ಕರೆದೊಯ್ಯುತ್ತದೆ. 2022ರ ಜನವರಿಯಲ್ಲಿ ಮಳೆಗೆ ಹೆದ್ದಾರಿ ಮುಚ್ಚಿ, ಅಂಗಡಿ ಖಾಲಿಯಾಗಿ, ವಾಯುಪಡೆಯ ವಿಮಾನದಲ್ಲಿ ದಿನಸಿ ಬಂತು. ದೂರ ಅನ್ನುವುದು ಸುಳ್ಳಲ್ಲ.

ಒಬ್ಬಳೇ ಎಂದಿರಲ್ಲ, ಅದಕ್ಕೊಂದು ಮಾತು. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು ಕಡೆ ಗುಡ್ಡದ ಬರೆ ಕುಸಿದಾಗ ಎರಡು ದಿನ ಅವ್ವನ ಫೋನ್ ಸಿಗಲಿಲ್ಲ. ಪಕ್ಕದ ಮನೆಯ ಗ್ರೀಕ್ ಅಜ್ಜ, ನಲವತ್ತು ವರ್ಷ ಓಪಲ್ ಅಗೆದವರು, ಬಂದು ನನ್ನ ಅಡುಗೆಮನೆಯಲ್ಲಿ ಕೂತರು. ಕಾಫಿ ಮಾಡಿ ಕೊಟ್ಟರು. ಏನೂ ಮಾತಾಡಲಿಲ್ಲ. ಎರಡು ರಾತ್ರಿ ಸುಮ್ನೆ ಕೂತೇ ಇದ್ದರು. ಅವ್ವನ ದನಿ ಕೇಳಿದ ಮೇಲೆಯೇ ಎದ್ದು ಹೋದದ್ದು. ಕಳಿಸಿ ಅಮ್ಮಾ.

ಒಂದು ಎಚ್ಚರಿಕೆ ಮಾತ್ರ. ಊರಾಚೆ ಸಾವಿರಾರು ಗಣಿಗುಂಡಿಗಳು ಮುಚ್ಚದೆ ಹಾಗೇ ಇವೆ. ಫೋಟೋ ತೆಗೆಯುವಾಗ ಒಂದು ಹೆಜ್ಜೆಯೂ ಹಿಂದಕ್ಕೆ ಇಡಬಾರದು.

ಪ್ರಶ್ನೆ: ನಾವು ಮೂವರು ಗೆಳೆಯರು. ತೋಟದಲ್ಲಿ ಏನೂ ಉಳಿಯುತ್ತಿಲ್ಲ. ಸಾಲ ಮಾಡಿ ಅಲ್ಲಿ ಹೋಗಿ ಓಪಲ್ ಅಗೆಯಬಹುದಾ?
— ಓದುಗರು, ಸಿದ್ದಾಪುರ

ಉತ್ತರ: ಬೇಡ. 1915ರಲ್ಲಿ ಅಪ್ಪನ ಜೊತೆ ಚಿನ್ನ ಹುಡುಕಲು ಬಂದಿದ್ದ 14 ವರ್ಷದ ವಿಲ್ಲಿ ಹಚಿಸನ್ ಎಂಬ ಹುಡುಗನಿಗೆ ಅಲ್ಲಿ ಓಪಲ್ ಸಿಕ್ಕಿತು. ಆ ಕತೆ ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಪರವಾನಗಿ, ಡ್ರಿಲ್, ಡೀಸೆಲ್, ಮಣ್ಣು ಹೀರಿ ತೆಗೆಯುವ ಬ್ಲೋವರ್ ಲಾರಿ, ಎಲ್ಲಕ್ಕೂ ದುಡ್ಡು ಸುರಿಯಬೇಕು. ಬಣ್ಣ ಆಡದ ಓಪಲ್‌ಗೆ ಅವರು 'ಪಾಚ್' ಎನ್ನುತ್ತಾರೆ. ಅದಕ್ಕೆ ಬೆಲೆಯಿಲ್ಲ. ವರ್ಷಗಟ್ಟಲೆ ಬರೀ ಪಾಚ್ ಕಂಡವರ ಬಿಪಿ ನಾನು ನೋಡಿದ್ದೇನೆ. ಕಾಫಿ ಕೈಕೊಟ್ಟರೆ ಮೆಣಸಾದರೂ ಇರುತ್ತದೆ, ಅಲ್ವಾ? ಅಲ್ಲಿ ಅದೂ ಇಲ್ಲ.

ಪ್ರವಾಸ ಹೋದರೆ ಬಿಸಾಡಿದ ಮಣ್ಣಿನ ರಾಶಿ ಕೆದಕಿ ನೋಡಿ. ಅದಕ್ಕೆ 'ನೂಡ್ಲಿಂಗ್' ಎನ್ನುತ್ತಾರೆ, ಊರಲ್ಲಿ ಎಲ್ಲರಿಗೂ ಬಿಟ್ಟ ಜಾಗವಿದೆ. ಎಂಟು ವರ್ಷದಲ್ಲಿ ನನಗೆ ಸಿಕ್ಕಿದ್ದು ಭತ್ತದ ಕಾಳಿನಷ್ಟು ಒಂದೇ ಚೂರು. ಓರೆ ಮಾಡಿ ಹಿಡಿದರೆ ಹಸಿರು, ಇನ್ನಷ್ಟು ತಿರುಗಿಸಿದರೆ ನೀಲಿ. ಈಗ ಅವ್ವನ ಪೆಟ್ಟಿಗೆಯಲ್ಲಿದೆ.

ಪ್ರಶ್ನೆ: ಹೋಂಸ್ಟೇಗೆ ಗುಡ್ಡ ಕೊರೆದು ಅಂಥದೇ ಎರಡು ರೂಮು ಮಾಡಿಸಬೇಕೆಂದಿದ್ದೇನೆ. ಹೇಗೆ?
— ಓದುಗರು, ಮಡಿಕೇರಿ ಸಮೀಪ

ಉತ್ತರ: ದಯವಿಟ್ಟು ಮಾಡಿಸಬೇಡಿ. ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು ಆರು ಇಂಚು. ಭಾಗಮಂಡಲದಲ್ಲಿ ಒಂದೇ ದಿನಕ್ಕೆ ಅದಕ್ಕಿಂತ ಜಾಸ್ತಿ ಬಿದ್ದದ್ದುಂಟು. ಅವರದು ಒಣ ಮರಳುಗಲ್ಲು. ನಮ್ಮದು ನೀರು ಕುಡಿದು ಭಾರವಾಗುವ ಮಣ್ಣು. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಆ ರೂಮಿನ ನೆಲದಲ್ಲೇ ಜಲ ಏಳುತ್ತದೆ. ಮಲಗಿರುವವರು ನಿಮ್ಮನ್ನು ನಂಬಿ ಬಂದ ಅತಿಥಿಗಳು. ಮನೆ ಹಿಂದಿನ ಬರೆಯನ್ನು ಈಗಾಗಲೇ ಕಡಿಸಿದ್ದರೆ, ಮಳೆಗಾಲಕ್ಕೆ ಮುಂಚೆ ನೀರು ಹರಿದುಹೋಗಲು ಚರಂಡಿ ಮಾಡಿಸಿ. ಅಲ್ಲಿ ಹೊಸ ಬಿರುಕು ಕಂಡರೆ ಆ ಕಡೆ ಯಾರನ್ನೂ ಮಲಗಿಸಬೇಡಿ.