ಬ್ಯಾಗಿನಲ್ಲಿ 11 ಕೀಲಿಕೈ

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಶಿಕ್ಷಕಿಯೊಬ್ಬರ ಕಥೆ ಇದು, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಯಾದಗಿರಿ ಜಿಲ್ಲೆಯ ಒಂದು ಹಳ್ಳಿ, ಅಲ್ಲೊಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಇಷ್ಟು ಗೊತ್ತಾದರೆ ಸಾಕು. ಹೆಸರು ಬೇಡ, ಅಕ್ಕೋರು ಅಂತಲೇ ಕರೆಯುತ್ತೇನೆ. ಶಾಲೆಯ ಮಕ್ಕಳು ಕರೆಯುವುದೂ ಹಾಗೇ.

ಶನಿವಾರ ಬೆಳಗಿನ ಶಾಲೆ ಮುಗಿಸಿ, ಯಾದಗಿರಿಯಲ್ಲಿ ರೈಲು ಹತ್ತಿ ಕಲಬುರಗಿಗೆ ಬಂದಿದ್ದರು. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಎದೆಯುರಿ, ಬಸ್ಸಿನಲ್ಲಿ ಕೂತರೆ ಸುಮ್ನೆ ಕಣ್ಣೀರು. ಡಾಕ್ಟರು ಬಿಪಿ, ಥೈರಾಯ್ಡ್ ಎಲ್ಲ ನೋಡಿ ಸರಿ ಇದೆ ಅಂದಿದ್ದರು, ಯಾರ ಹತ್ತಿರವಾದರೂ ಕೂತು ಮಾತಾಡಿ ಅಂತ ಕಳಿಸಿದ್ದರು. ಸಾಯಬೇಕು ಅನ್ನಿಸುತ್ತಾ ಅಂತ ಮೊದಲ ದಿನವೇ ನೇರವಾಗಿ ಕೇಳಿದೆ. "ಇಲ್ರಿ ಮೇಡಂ, ಓಡಿ ಹೋಗಬೇಕು ಅನಸ್ತದ" ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಮೂರು ಗಂಟೆಗೆ ನಾನು ಸಿಗುವುದಿಲ್ಲ, ಅವರು ಸಿಗುತ್ತಾರೆ.

ಕಥೆ ಏನೆಂದರೆ, ಶಾಲೆಗೆ ಕಾಯಂ ಮುಖ್ಯಗುರು ಇಲ್ಲ. ಎಲ್ಲರಿಗಿಂತ ಹಿರಿಯರಾದ ಗಣಿತದ ಸರ್ ಚಾರ್ಜ್ ಬೇಡ ಅಂದರು. ಅದು ಇವರ ಕೊರಳಿಗೆ ಬಿತ್ತು. ಕಾಯಂ ಶಿಕ್ಷಕರು ನಾಲ್ಕು ಜನ, ಅತಿಥಿ ಶಿಕ್ಷಕರು ಇಬ್ಬರು, ಏಳು ತರಗತಿ. ಚಿಕ್ಕ ಕ್ಲಾಸಿನ ಮಕ್ಕಳು ಗುಂಪಾಗಿ ಕೂತು ಕಾರ್ಡುಗಳಿಂದ ಕಲಿಯುವ ನಲಿ-ಕಲಿ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದದ್ದು 2009ರ ಸುಮಾರಿಗೆ, ಆಗಿನಿಂದ ಅದರಲ್ಲೇ ಇದ್ದ ಟೀಚರ್ ಇವರು. ಈಗ ಆ ಮಕ್ಕಳನ್ನು ಬಿಟ್ಟು ಮೀಟಿಂಗು, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಆನ್‌ಲೈನ್ ಎಂಟ್ರಿ, ಅಕ್ಕಿಯ ದಾಸ್ತಾನು, ಇವತ್ತು ಮೊಟ್ಟೆ ತಿಂದವರೆಷ್ಟು ಬಾಳೆಹಣ್ಣು ತಿಂದವರೆಷ್ಟು ಅನ್ನೋ ಲೆಕ್ಕ. ಎಲ್ಲ ಒಬ್ಬರೇ.

ಇದರ ಮಧ್ಯೆ ಐದು ದಿನದ ನಾಯಕತ್ವ ತರಬೇತಿಗೆ ಹೋಗಿ ಬಂದರು. ಖುಷಿಯಾಗಿ ಹೋಗಿದ್ದರಂತೆ. ವಾಪಸ್ ಬಂದ ಸೋಮವಾರವೇ ಸಿಬ್ಬಂದಿಯನ್ನು ಕೂಡಿಸಿ ಫೈಲ್ ತೆಗೆದು ಒಂದೊಂದೇ ಪಾಯಿಂಟ್ ಓದಿದರು. ಗಣಿತದ ಸರ್ ಎದ್ದು ನಿಂತು "ಈಗ ನಮಗ ಪಾಠ ಹೇಳ್ಲಾಕ ಬಂದ್ರೇನ್ರಿ?" ಅಂತ ಹೊರಗೆ ಹೋದರು. ಆ ದಿನದಿಂದ ಮಧ್ಯಾಹ್ನ ಎಲ್ಲರ ಜೊತೆ ಬುತ್ತಿ ಬಿಚ್ಚೋದು ನಿಂತಿತು. ಅಲ್ಲಿವರೆಗೆ ಎಲ್ಲರ ರೊಟ್ಟಿ ಒಂದೇ ಪೇಪರಿನ ಮೇಲೆ, ಇವರ ಮನೆಯ ಪುಂಡಿಪಲ್ಯಕ್ಕೆ ಎಲ್ಲರ ಕೈ. ಈಗ ಇವರು ಆಫೀಸ್ ರೂಮಿನಲ್ಲಿ, ಉಳಿದವರು ಐದನೇ ಕ್ಲಾಸಿನಲ್ಲಿ. ಇದನ್ನು ಹೇಳುವಾಗಲೇ ಅವರು ಹೆಚ್ಚು ಅತ್ತದ್ದು.

ಎರಡನೇ ಸಲ ಬಂದಾಗ ನೀರಿನ ಬಾಟಲಿ ತೆಗೆಯಲು ಹೋಗಿ ಬ್ಯಾಗಿನಿಂದ ಕೀಲಿಕೈ ಗೊಂಚಲು ಜಾರಿ ಬಿತ್ತು. ಟೇಬಲ್ ಮೇಲಿಡಿ, ಯಾವುದು ಯಾವುದರದು ಹೇಳಿ ಅಂದೆ. ಒಟ್ಟು 11. ಆಫೀಸು, ಬೀರು, ಅಡುಗೆ ಕೋಣೆ, ಕಂಪ್ಯೂಟರ್ ರೂಮು, ಆಟದ ಸಾಮಾನಿನ ಪೆಟ್ಟಿಗೆ, ಶೌಚಾಲಯ, ಹೀಗೆ ಎಣಿಸುತ್ತಾ ಬಂದರು. ಎರಡು ಯಾವುವು ಅಂತ ಅವರಿಗೇ ಗೊತ್ತಿರಲಿಲ್ಲ. ಆದರೂ ದಿನಾ ಹೊತ್ತು ತಿರುಗುತ್ತಿದ್ದರು. ನೀವು ರಜೆ ಹಾಕಿದ ದಿನ ಮಕ್ಕಳು ಆಡೋದು ಹೇಗೆ ಅಂತ ಕೇಳಿದೆ. "ಆಡಂಗಿಲ್ರಿ."

ಅವರ ಭಯ ಸುಳ್ಳಲ್ಲ, ಇದನ್ನು ಒತ್ತಿ ಹೇಳಬೇಕು. ನಾಳೆ ಅಕ್ಕಿ ಲೆಕ್ಕ ತಪ್ಪಿದರೆ ನೋಟಿಸ್ ಬರೋದು ಅವರ ಹೆಸರಿಗೇ. ಹಂಚಿಕೊಳ್ಳಿ, ಹಗುರಾಗಿ ಅಂತ ಹೇಳಿ ಕಳಿಸೋದು ಸುಲಭ, ಆದರೆ ಅದು ಸಲಹೆ ಅಲ್ಲ. ಹಾಗಾಗಿ ಒಂದು ವಾರ ಮಾಡಿದ ಕೆಲಸವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ತರಲು ಹೇಳಿದೆ. 43 ಬಂದವು. ನಿಮ್ಮ ಸಹಿ ಇಲ್ಲದೆ ಆಗದೇ ಇರುವಂಥವಕ್ಕೆ ಮಾತ್ರ ಗೆರೆ ಎಳೆಯಿರಿ ಅಂದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜಂಟಿ ಖಾತೆ, ಕ್ಯಾಶ್‌ಬುಕ್, ದಾಖಲಾತಿ, ಟಿಸಿ, ದಾಸ್ತಾನು ಪುಸ್ತಕದ ಸಹಿ... ಒಂಬತ್ತಕ್ಕೆ ನಿಂತಿತು. ಉಳಿದ 34 ಯಾಕೆ ನಿಮ್ಮ ಹತ್ತಿರ ಅಂತ ನಾನು ಕೇಳಲಿಲ್ಲ. ಅವರೇ ಪುಟ ನೋಡುತ್ತಾ ಕೂತಿದ್ದರು.

ಆಮೇಲೆ ನಲಿ-ಕಲಿ ಬಗ್ಗೆ ಕೇಳಿದೆ. ಮುಖವೇ ಬೇರೆಯಾಯಿತು! ಮಕ್ಕಳನ್ನು ಐದು ಗುಂಪಾಗಿ ಕೂಡಿಸೋದು, ಹೊಸದು ಕಲಿಯೋ ಮಗು ಶಿಕ್ಷಕರ ಪಕ್ಕ, ಸ್ವಲ್ಪ ಬಂದ ಮೇಲೆ ಗೆಳೆಯರ ಬೆಂಬಲದ ಗುಂಪಿಗೆ, ಕೊನೆಗೆ ತಾನೇ ಕಲಿಯುವ ಗುಂಪಿಗೆ ಅಂತ ಕೈಯಲ್ಲಿ ಟೇಬಲ್ ಮೇಲೆ ಗುಂಡಗೆ ಗೆರೆ ಎಳೆದು ತೋರಿಸಿದರು. ನಿಮ್ಮ ಸಿಬ್ಬಂದಿ ಯಾವ ಗುಂಪಿನಲ್ಲಿದ್ದಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಲ್ಲಾರಿಗೂ ನನ್ನ ಪಕ್ಕದಾಗೇ ಕೂಡ್ಸೀನಿ ನೋಡ್ರಿ." ಆರು ವರ್ಷದ ಮಗುವನ್ನು ನಂಬಿ ಕಾರ್ಡ್ ಕೊಡುವ ಟೀಚರ್, ಮೂವತ್ತು ವರ್ಷ ಪಾಠ ಮಾಡಿದವರನ್ನು ನಂಬಿರಲಿಲ್ಲ.

ನಾನು ಕೊಟ್ಟ ಸಲಹೆ ಇವು. ಮೊದಲು ಬುತ್ತಿ ತಗೊಂಡು ಐದನೇ ಕ್ಲಾಸಿಗೆ ಹೋಗಿ, ಫೈಲ್ ಬೇಡ, ಶಾಲೆಯ ವಿಷಯವೂ ಬೇಡ. ಆಮೇಲೆ ಆ 34 ಕೆಲಸದ ಪಟ್ಟಿಯನ್ನು ಎಲ್ಲರ ಮುಂದಿಟ್ಟು ನೀವು ಸುಮ್ಮನಿರಿ, ಯಾರಿಗೆ ಯಾವುದು ಅಂತ ನೀವು ಹಂಚಬೇಡಿ, ಅವರು ಎತ್ತಿಕೊಳ್ಳಲಿ. ಯಾರೂ ಎತ್ತಿಕೊಳ್ಳದ್ದನ್ನು ಅತಿಥಿ ಶಿಕ್ಷಕರ ತಲೆಗೆ ಕಟ್ಟಬೇಡಿ, ಅವರ ಗೌರವಧನ ಎಷ್ಟು ಅಂತ ನಿಮಗೆ ಗೊತ್ತಲ್ವಾ. ಯಾರು ಏನು ವಹಿಸಿಕೊಂಡರು ಅನ್ನೋದನ್ನು ಸಭೆಯ ನಡಾವಳಿಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಇದು ಅಪನಂಬಿಕೆಯಿಂದ ಅಲ್ಲ, ನಿಮ್ಮ ಮೂರು ಗಂಟೆಯ ಭಯಕ್ಕೆ ಕಾಗದದ ಆಧಾರ ಬೇಕು.

ಕಷ್ಟ ಆದದ್ದು ಕೊಟ್ಟ ಕೆಲಸವನ್ನು ವಾಪಸ್ ಕಿತ್ತುಕೊಳ್ಳದೆ ಇರೋದು. ಬಿಸಿಯೂಟದ ಪುಸ್ತಕವನ್ನು ಕನ್ನಡದ ಟೀಚರ್ ಖುಷಿಯಿಂದ ತಗೊಂಡಿದ್ದರು. ಮೂರನೇ ದಿನ ಒಂದು ಅಂಕಿ ತಪ್ಪು ಕಾಲಂನಲ್ಲಿತ್ತು. ಇವರು ಪುಸ್ತಕವನ್ನು ಮನೆಗೆ ಒಯ್ದು ರಾತ್ರಿ ತಿದ್ದಿ ಬೆಳಿಗ್ಗೆ ಮಾತಾಡದೆ ಇಟ್ಟುಬಿಟ್ಟರು. ಆ ಟೀಚರ್ ಮರುದಿನದಿಂದ ಪುಸ್ತಕ ಮುಟ್ಟಲಿಲ್ಲ. ಒಂದಿಡೀ ಭೇಟಿ ಇದಕ್ಕೇ ಹೋಯಿತು. ತಪ್ಪು ಕಂಡ ಕ್ಷಣ ಏನಾಯಿತು ಅಂತ ಕೇಳಿದೆ. ಹೊಟ್ಟೆಯಲ್ಲಿ ಹಿಂಡಿದಂಗೆ ಆಯಿತು, ಕೈ ತಾನೇ ಪೆನ್ನಿಗೆ ಹೋಯಿತು ಅಂದರು. ನಾನು ಕನ್ನಡದ ಟೀಚರ್ ಆದೆ, ಅವರು ಅವರಾಗೇ ಇದ್ದರು, ನಾಲ್ಕು ಸಲ ಮಾಡಿದೆವು. ನಾಲ್ಕನೇ ಸಲಕ್ಕೆ ಪೆನ್ನು ಕೆಳಗಿಟ್ಟು "ಬಾಯರೇ, ಈ ಕಾಲಂ ನನಗೂ ಮೊದಲು ತಪ್ತಿತ್ತು, ಇಬ್ರೂ ಕೂಡಿ ನೋಡೋಣೇನು?" ಅಂದರು. ಅದನ್ನೇ ಶಾಲೆಯಲ್ಲೂ ಹೇಳಿದರು. ಪುಸ್ತಕ ಮತ್ತೆ ಆ ಟೀಚರ್ ಟೇಬಲ್ಲಿಗೆ ಹೋಯಿತು.

ತರಬೇತಿ ಬಗ್ಗೆ ನನ್ನ ಅಭಿಪ್ರಾಯ ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕು ಅನ್ನುತ್ತೆ. ಒಳ್ಳೇದೇ. ಆದರೆ ಅದೆಲ್ಲ ಹೊರಗಿನ ಹಾಲ್‌ನಲ್ಲೇ ಆಗಬೇಕಾ? ನಿಮ್ಮ ಶಾಲೆಯಲ್ಲೇ ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ಗಂಟೆ ಕೂತು, ಒಂದು ಮಗುವಿನ ನೋಟ್‌ಬುಕ್ ನಡುವೆ ಇಟ್ಟು, ಇದು ಎಲ್ಲಿ ಎಡವುತ್ತಿದೆ ಅಂತ ಆರು ಜನ ನೋಡಿದರೆ ಅದೂ ಕಲಿಕೆಯೇ. ಕೇಳಿ ಬಂದ 12 ಪಾಯಿಂಟ್ ಓದಬೇಡಿ. ಅದರಲ್ಲಿ ಒಂದನ್ನು ನಿಮ್ಮ ಕ್ಲಾಸಿನಲ್ಲಿ ಮಾಡಿ ನೋಡಿ, ಎಲ್ಲಿ ಕೆಟ್ಟಿತು ಅಂತ ಅವರ ಮುಂದೆ ಹೇಳಿ.

ಗಣಿತದ ಸರ್ ಹತ್ತಿರ ಹೋಗಲು ಅವರಿಗೆ ಧೈರ್ಯ ಬಂದದ್ದು ಐದನೇ ಭೇಟಿಯ ನಂತರ. ಕ್ಷಮೆ ಕೇಳಿಸಬೇಡಿ ಅಂದಿದ್ದರು, ನಾನೂ ಒತ್ತಾಯ ಮಾಡಲಿಲ್ಲ. "ಸರ್, ನಾಲ್ಕನೇ ಕ್ಲಾಸಿನ ಹುಡುಗರಿಗೆ ಭಾಗಾಕಾರ ಬರ್ಲತ್ತಿಲ್ಲ, ನೀವು ಹ್ಯಾಂಗ ಹೇಳಿಕೊಡ್ತೀರಿ, ನಾ ಹಿಂದ ಕುಂದರ್ಲೇನ್ರಿ?" ಅಂತ ಕೇಳಿದರಂತೆ. ನಾಲ್ಕು ದಿನ ಉತ್ತರ ಇಲ್ಲ. ಐದನೇ ದಿನ ಸರ್ ಜೇಬಿನಿಂದ ಒಂದು ಹಿಡಿ ತೊಗರಿ ತೆಗೆದು ನೆಲದ ಮೇಲೆ ಸುರಿದರು. 17 ಕಾಳು, ಐದು ಮಕ್ಕಳು, ತಲಾ ಮೂರು, ಉಳಿದದ್ದು ಎರಡು. ಆ ಎರಡನ್ನು ಏನು ಮಾಡೋದು ಅಂತ ಮಕ್ಕಳು ಜಗಳ ಆಡುತ್ತಿದ್ದಾಗ ಸರ್ ಬಾಗಿಲ ಕಡೆ ನೋಡಿ "ಕುಂದರ್ರಿ ಅಕ್ಕೋರ" ಅಂದರು.

ಎಲ್ಲ ಸರಿಹೋಯಿತು ಅಂತಲ್ಲ. ಆ ಸರ್ ಈಗಲೂ ಕೆಲವು ಸಭೆಗೆ ಬರಲ್ಲ. ಅಕ್ಕೋರಿಗೆ ವಾರಕ್ಕೆ ಎರಡು ದಿನ ಈಗಲೂ ಎಚ್ಚರವಾಗುತ್ತದೆ. ಖಾಲಿ ಹುದ್ದೆ ತುಂಬುವುದು ಇಲಾಖೆಯ ಕೆಲಸ, ಅದನ್ನು ನೀವು ಹಾಸಿಗೆಯಲ್ಲಿ ಮಲಗಿ ತುಂಬಲು ಆಗಲ್ಲ, ಅರ್ಜಿ ಬರೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ ಅಂದಿದ್ದೆ, ಕೊಟ್ಟಿದ್ದಾರೆ. ಗೊಂಚಲಿನಲ್ಲಿ ಈಗ ನಾಲ್ಕು ಕೀಲಿಕೈ ಇವೆ. ಆಟದ ಪೆಟ್ಟಿಗೆಯದು ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಹತ್ತಿರ.

ಹತ್ತಿ ಬಿಡಿಸೋ ಕಾಲ ಬಂತು, ದೊಡ್ಡ ಕ್ಲಾಸುಗಳ ಬೆಂಚು ಖಾಲಿಯಾಗತೊಡಗಿದವು. ಮಕ್ಕಳನ್ನು ಕರೆಯಲು ಯಾರು ಯಾವ ಓಣಿಗೆ ಅಂತ ಸಿಬ್ಬಂದಿಯೇ ಕೂತು ಮಾತಾಡಿಕೊಂಡರಂತೆ, ಗಣಿತದ ಸರ್‌ಗೆ ಲಂಬಾಣಿ ಮಾತು ಬರುತ್ತೆ ಅಂತ ಇವರಿಗೆ ಗೊತ್ತಾದದ್ದೂ ಅವತ್ತೇ. ಎಂಟನೇ ಭೇಟಿಯ ಶನಿವಾರ ನಾನು ಕಾಯುತ್ತಿದ್ದೆ. ಮಧ್ಯಾಹ್ನ ಮೆಸೇಜ್ ಬಂತು: "ಇವತ್ತು ಬರಂಗಿಲ್ರಿ ಮೇಡಂ, ಎಲ್ಲಾರೂ ಕೂಡಿ ತಾಂಡಾಕ ಹೊಂಟೀವಿ."